ನಿಮ್ಮ ಮನೆ ರಸ್ತೆ ಹೇಗಿದೆ ಅಂತ ಯಾರೂ ಕೇಳಲಿಲ್ಲ

ನಿನ್ನೆ ಸಂಜೆ ಏಳು ಗಂಟೆ ಹೊತ್ತಿಗೆ ಅಕ್ಕನ ಮಗನ ಫೋನ್ ಬಂತು. "ಚಿಕ್ಕಮ್ಮ, ಮೇಗರವಳ್ಳಿ ಹತ್ರ ನಿಂತಿದೀವಿ, ಟೈರ್ ಹೋಯ್ತು" ಅಂದ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಸಿಗುವ ಊರು ಅದು. ಹಿಂದೆ ಮಳೆಯ ಸದ್ದು, ಅದರ ನಡುವೆ ಅಕ್ಕನ ದನಿ. ಪಂಕ್ಚರ್ ಇರಬೇಕು ಅಂದುಕೊಂಡು ಕೊಡೆ, ಟಾರ್ಚ್ ಹಿಡಿದು ಕಾರು ತೆಗೆದೆ. ಹೋಗಿ ನೋಡಿದರೆ ಪಂಕ್ಚರ್ ಅಲ್ಲ. ಎಡಗಡೆ ಮುಂದಿನ ಟೈರಿನ ಪಕ್ಕ ಬೆರಳುದ್ದ ಸೀಳಿಹೋಗಿದೆ, ಟೈರ್ ಕೂತಿರುವ ಲೋಹದ ರಿಮ್ಮಿನ ಅಂಚು ಬಾಗಿದೆ. ಹಿಂದಿನ ಚಕ್ರಕ್ಕೆ ಟಾರ್ಚ್ ಬಿಟ್ಟರೆ ಅಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಉಬ್ಬು. ಹೊಸ ಅಲಾಯ್ (ಮಿಶ್ರಲೋಹದ ರಿಮ್), ಹೊಸ ಟೈರ್ ಹಾಕಿಸಿ ಬರೀ ಹನ್ನೊಂದು ದಿನ ಆಗಿತ್ತು.

ಹುಡುಗ ಜೋರಾಗಿ ಓಡಿಸಿರಲಿಲ್ಲ. ಅಕ್ಕ ಪಕ್ಕದಲ್ಲೇ ಕೂತಿದ್ದಳು, ಮೂವತ್ತರ ಮೇಲೆ ಹೋಗಿರಲಿಲ್ಲ ಅಂದಳು. ತಿರುವಿನಲ್ಲಿ ಎದುರಿಗೆ ಬಸ್ ಬಂದಿದೆ, ಇವನು ಎಡಕ್ಕೆ ಇಳಿಸಿದ್ದಾನೆ, ಬಸ್ ಹೋದ ಮೇಲೆ ಮತ್ತೆ ಟಾರಿಗೆ ಹತ್ತಿಸಿದ್ದಾನೆ, ಅಷ್ಟೇ. ಮಲೆನಾಡಿನಲ್ಲಿ ಕಾರು ಓಡಿಸುವ ಎಲ್ಲರೂ ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಇದು. ಮಳೆಗಾಲದಲ್ಲಿ ನೀರು ಹರಿದು ರಸ್ತೆ ಪಕ್ಕದ ಮಣ್ಣು ಕೊಚ್ಚಿಹೋಗಿರುತ್ತದೆ. ಟಾರಿನ ಅಂಚು ಮೆಟ್ಟಿಲಿನ ಹಾಗೆ ಎದ್ದು ನಿಂತಿರುತ್ತದೆ. ಆ ಅಂಚು ನೇರವಾಗಿ ಬಂದು ತಾಗುವುದು ಟೈರಿನ ಪಕ್ಕಕ್ಕೆ.

ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ. ಟೈರ್ ಮಾರಿದ ಅಂಗಡಿಯ ಮೇಲೆ. ಹೆಸರು ಹೇಳುವುದಿಲ್ಲ, ಶಿವಮೊಗ್ಗದಲ್ಲೇ ಇದೆ. ಅವನನ್ನು ಅಲ್ಲಿ ಎರಡು ಗಂಟೆ ಕೂರಿಸಿಕೊಂಡಿದ್ದಾರೆ, ಹತ್ತು ಡಿಸೈನ್ ತೋರಿಸಿದ್ದಾರೆ, ಬಣ್ಣ ಕೇಳಿದ್ದಾರೆ, ಬಜೆಟ್ ಕೇಳಿದ್ದಾರೆ. ಓಡಾಡುವ ರಸ್ತೆ ಯಾವುದು ಅಂತ ಮಾತ್ರ ಒಬ್ಬರೂ ಕೇಳಿಲ್ಲ. ವಾರಕ್ಕೊಮ್ಮೆ ನಮ್ಮ ಮನೆಗೆ ಬರುವ ಹುಡುಗ ಅವನು. ಮೇಗರವಳ್ಳಿಯಿಂದ ಒಳಗೆ ನಾಲ್ಕು ಕಿಲೋಮೀಟರ್ ಹೇಗಿದೆ ಅಂತ ನಮ್ಮನೆಗೆ ಬಂದವರಿಗೆಲ್ಲ ಗೊತ್ತು. ಒಂದು ಪ್ರಶ್ನೆ ಕೇಳಿದ್ದರೆ ಅವನು ಹೇಳುತ್ತಿದ್ದ.

ಅವನದು ಹಳೇ ಸ್ವಿಫ್ಟ್. ಅದಕ್ಕೆ ಕಂಪನಿಯಿಂದ ಬಂದ ಟೈರ್ 165/80 ಆರ್ 14. ಇದನ್ನು ಓದುವುದು ಏನೂ ಕಷ್ಟವಲ್ಲ. 165 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 14 ಅಂದರೆ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಜನ ಎಡವುವುದು ನಡುವಿನ 80ರ ಹತ್ತಿರ. ಅದೇ ಪ್ರೊಫೈಲ್. ಅದು ಮಿಲಿಮೀಟರೂ ಅಲ್ಲ, ಇಂಚೂ ಅಲ್ಲ. ಪಕ್ಕದ ರಬ್ಬರಿನ ಎತ್ತರ ಅಗಲದ ನೂರಕ್ಕೆ ಎಂಬತ್ತು ಭಾಗ ಇದೆ ಅಂತ ಅರ್ಥ. 165ಕ್ಕೆ 80 ಪರ್ಸೆಂಟ್ ಅಂದರೆ 132 ಮಿಲಿಮೀಟರ್. ರಸ್ತೆಗೂ ರಿಮ್ಮಿಗೂ ನಡುವೆ 13 ಸೆಂಟಿಮೀಟರ್ ರಬ್ಬರ್ ಮತ್ತು ಗಾಳಿ.

ಈಗ ಹಾಕಿಸಿದ್ದು 195/50 ಆರ್ 16. 195ರಲ್ಲಿ ಅರ್ಧ, 97.5 ಮಿಲಿಮೀಟರ್. ಅಲ್ಲಿಗೆ ಮೂರೂವರೆ ಸೆಂಟಿಮೀಟರ್ ರಬ್ಬರ್ ಹೋಯಿತು. ನಮ್ಮ ರಸ್ತೆಯ ಒಂದು ಜಲ್ಲಿಕಲ್ಲಿನ ಗಾತ್ರ ಅದು!

ಇವತ್ತು ಬೆಳಿಗ್ಗೆ ಆ ಅಂಗಡಿಗೆ ನಾನೇ ಫೋನ್ ಮಾಡಿದೆ. ಮೊದಲು "ಮನೆಯಲ್ಲಿ ಗಂಡಸರು ಯಾರಾದ್ರೂ ಇದ್ರೆ ಕೊಡಿ ಮೇಡಂ" ಅಂದರು. ನಾನು ಈ ಆಗುಂಬೆ ಘಾಟಿಯಲ್ಲಿ ಎಷ್ಟೋ ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಅದನ್ನು ಅವರಿಗೆ ಹೇಳುತ್ತಾ ಕೂರಲಿಲ್ಲ. ಸೈಜ್ ಹೇಳಿ, ಯಾಕೆ ಇದನ್ನು ಹಾಕಿದಿರಿ ಅಂತ ಕೇಳಿದೆ. "ಹಳೇ ಚಕ್ರಕ್ಕೂ ಹೊಸದಕ್ಕೂ ಒಟ್ಟು ಎತ್ತರದ ವ್ಯತ್ಯಾಸ ಮೂರು ಪರ್ಸೆಂಟ್ ಒಳಗೇ ಇದೆ ಮೇಡಂ, ಲೆಕ್ಕ ಸರಿಯಾಗಿದೆ" ಅಂದರು.

ಲೆಕ್ಕ ಸರಿಯಾಗಿಯೇ ಇದೆ, ಒಪ್ಪುತ್ತೇನೆ. ರಿಮ್ ಮತ್ತು ಮೇಲೆ ಕೆಳಗಿನ ಎರಡೂ ಪಕ್ಕ ಸೇರಿಸಿದರೆ ಹಳೇ ಚಕ್ರದ ಎತ್ತರ ಸುಮಾರು 620 ಮಿಲಿಮೀಟರ್. ಹೊಸದು 601. ಮೂರು ಪರ್ಸೆಂಟಿಗೆ ಕೂದಲೆಳೆ ಕಮ್ಮಿ. ಸ್ಪೀಡೋಮೀಟರ್ 100 ತೋರಿಸುವಾಗ ಮೊದಲು ಓಡುತ್ತಿದ್ದದ್ದಕ್ಕಿಂತ ಕಾರು ಈಗ ಮೂರು ಕಿಲೋಮೀಟರ್ ಕಮ್ಮಿ ಓಡುತ್ತದೆ. ಕಾರಿನ ಹೊಟ್ಟೆ ನೆಲಕ್ಕೆ 9 ಮಿಲಿಮೀಟರ್ ಹತ್ತಿರ ಬರುತ್ತದೆ. ಇಷ್ಟನ್ನು ಹೇಗೋ ಸಹಿಸಬಹುದು. ಆದರೆ ಒಟ್ಟು ಎತ್ತರದಲ್ಲಿ ರಬ್ಬರ್ ಎಷ್ಟು, ಲೋಹ ಎಷ್ಟು ಅಂತ ಆ ಮೂರು ಪರ್ಸೆಂಟ್ ಹೇಳುವುದಿಲ್ಲ. ಚಕ್ರ ಅಷ್ಟೇ ಎತ್ತರ ಇದ್ದು, ಒಳಗಿನ ರಿಮ್ ದೊಡ್ಡದಾಗುತ್ತಾ ಹೋದಷ್ಟೂ ರಬ್ಬರ್ ತೆಳ್ಳಗಾಗುತ್ತದೆ. ಟಾರಿನ ಅಂಚು ಗುದ್ದಿದಾಗ ಆ ತೆಳ್ಳನೆ ಪಕ್ಕ ಅಂಚಿಗೂ ರಿಮ್ಮಿಗೂ ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆಯ ಹಾಗೆ ಸಿಕ್ಕಿಬೀಳುತ್ತದೆ. ಒಳಗಿನ ದಾರಗಳು ಕಡಿಯುತ್ತವೆ. ಅಲ್ಲಿಂದ ಗಾಳಿ ತಳ್ಳಿ ಉಬ್ಬುತ್ತದೆ. ಆ ಉಬ್ಬಿಗೆ ಪ್ಯಾಚ್ ಇಲ್ಲ, ರಿಪೇರಿ ಇಲ್ಲ, ಟೈರ್ ಬಿಸಾಡುವುದೊಂದೇ ದಾರಿ.

ಅದಕ್ಕೇ ಮತ್ತೆ ಅದೇ ಮಾತಿಗೆ ಬರುತ್ತೇನೆ. ರಸ್ತೆ ಯಾವುದು ಅಂತ ಯಾಕೆ ಕೇಳಲಿಲ್ಲ?

ಅದೇ 16 ಇಂಚಿನ ರಿಮ್ಮಿಗೆ 195/55 ಹಾಕಿದ್ದರೆ ಒಟ್ಟು ಎತ್ತರ 621 ಬರುತ್ತಿತ್ತು, ಹಳೆಯದಕ್ಕೆ ಹೆಚ್ಚು ಕಮ್ಮಿ ಸಮ. ಪಕ್ಕದ ರಬ್ಬರೂ ಒಂದು ಸೆಂಟಿಮೀಟರ್ ಜಾಸ್ತಿ ಸಿಗುತ್ತಿತ್ತು. 15 ಇಂಚಿಗೇ ನಿಲ್ಲಿಸಿ 185/65 ಹಾಕಿದ್ದರೆ ಇನ್ನೂ ವಾಸಿ, ಪಕ್ಕ 120 ಮಿಲಿಮೀಟರ್, ಎತ್ತರ 621. ಅದು ಸ್ವಿಫ್ಟಿನ ಮೇಲಿನ ಮಾಡೆಲ್ಲಿಗೆ ಕಂಪನಿಯೇ ಕೊಟ್ಟ ಸೈಜ್. ಹೊಸದಾಗಿ ಯಾರೂ ಏನೂ ಕಂಡುಹಿಡಿಯಬೇಕಿರಲಿಲ್ಲ. ಅಂಗಡಿಯಲ್ಲಿ 50 ಇತ್ತು, 55 ಇರಲಿಲ್ಲ, ಇದ್ದದ್ದನ್ನು ಹಾಕಿ ಕಳಿಸಿದರು. ಇಷ್ಟನ್ನು ಅವರೇ ಫೋನಿನಲ್ಲಿ ಒಪ್ಪಿಕೊಂಡರು.

ಕಮ್ಮಿ ಪ್ರೊಫೈಲ್ ಇದ್ದರೆ ತಿರುವಿನಲ್ಲಿ ಕಾರು ಓಲಾಡುವುದಿಲ್ಲ, ಸ್ಟೇರಿಂಗ್ ಚುರುಕಾಗಿರುತ್ತದೆ, ಘಾಟಿಗೆ ಒಳ್ಳೆಯದು ಅಲ್ವಾ ಅಂತ ಕೆಲವರು ಕೇಳುತ್ತೀರಿ. ಚುರುಕಾಗುವುದು ನಿಜ. ಆದರೆ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ನೀವು ಯಾವ ಗೇರಿನಲ್ಲಿ ಹೋಗುತ್ತೀರಿ ಹೇಳಿ. ಮಂಜು, ಮಳೆ, ಎದುರಿಗೆ ಬರುವ ಬಸ್ಸು, ಮಧ್ಯದಲ್ಲಿ ಕೂತ ಮಂಗಗಳು. ಒಂದನೇ ಗೇರ್, ಎರಡನೇ ಗೇರ್, ಇಪ್ಪತ್ತರ ಸ್ಪೀಡ್. ಅಲ್ಲಿ ಬೇಕಾದದ್ದು ನೀರನ್ನು ಹೊರಗೆ ಹಾಕುವ ಆಳವಾದ ಗೀರುಗಳು, ಅಂದರೆ ಸವೆಯದ ಟೈರ್. ಅಗಲದ ಟೈರ್ ನಿಂತ ನೀರಿನ ಮೇಲೆ ತೇಲುವುದೂ ಬೇಗ. ಚುರುಕಿನ ಮಾತು ದೊಡ್ಡ ಹೈವೇಗೆ ಇರಲಿ. ಕಂಪನಿಗಳೇ 16 ಇಂಚು ಕೊಡುವುದಿಲ್ವಾ ಅಂತಲೂ ಕೇಳಬಹುದು. ಕೊಡುತ್ತವೆ. ಬಲೆನೊ, ಐ20 ಮೇಲಿನ ಮಾಡೆಲ್ಲುಗಳಲ್ಲಿ 195/55 ಆರ್ 16 ಇದೆ. 55, 50 ಅಲ್ಲ.

ಇನ್ನೊಂದು ಕೇಳಿ, ಇದು ನನಗೆ ತಡೆಯಲಾಗದ ಸಂಗತಿ. ಹೊಸ ಟೈರಿನಲ್ಲಿ ಕಾರು ಕುಲುಕುತ್ತದೆ ಅಂತ ಇವನು ಎರಡನೇ ದಿನವೇ ಅಂಗಡಿಗೆ ಹೋಗಿದ್ದಾನೆ. ಅವರು ಗಾಳಿ ಇಳಿಸಿ, "28 ಇಟ್ಕೊಳ್ಳಿ, ಮೆತ್ತಗಾಗುತ್ತೆ" ಅಂದಿದ್ದಾರೆ. ತೆಳ್ಳನೆ ಟೈರಿನಲ್ಲಿ ಟಾರಿನ ಅಂಚಿಗೂ ರಿಮ್ಮಿಗೂ ನಡುವೆ ತಡೆದು ನಿಲ್ಲುವುದು ಗಾಳಿಯೇ. ಅದನ್ನೂ ತೆಗೆದರೆ ಏನು ಉಳಿಯಿತು? ಎಷ್ಟು ಗಾಳಿ ಬೇಕು ಅಂತ ಡ್ರೈವರ್ ಬಾಗಿಲಿನ ಹತ್ತಿರ ಸ್ಟಿಕ್ಕರ್ ಅಂಟಿಸಿರುತ್ತಾರೆ, ಅದನ್ನು ನೋಡುವ ವ್ಯವಧಾನವೂ ಇಲ್ಲ.

ನಾನು ಅಲಾಯ್ ಹಾಕಿಸಿದಾಗ ನನ್ನನ್ನು ಉಳಿಸಿದ್ದು ತೀರ್ಥಹಳ್ಳಿಯ ಒಬ್ಬ ಹಿರಿಯ ಪಂಕ್ಚರ್ ಅಂಗಡಿಯವರು. ನಾನೂ ಅಗಲದ ಟೈರಿಗೆ ಆಸೆಪಟ್ಟಿದ್ದೆ. ಅವರು ಮೊದಲು ಕೇಳಿದ್ದೇ "ಮೇಡಂ, ನಿಮ್ಮನೆ ದಾರಿ ಟಾರಾ, ಮಣ್ಣಾ?" ಅಂತ. ಮಣ್ಣು ಅಂದೆ. ಕೊಯ್ಲಿನ ಹೊತ್ತಿಗೆ ಡಿಕ್ಕಿಯಲ್ಲಿ ಏನು ಹೇರುತ್ತೀರಿ ಅಂತ ಕೇಳಿದರು. ಅಡಿಕೆ ಮೂಟೆ ಅಂದೆ. ಸೈಜಿನ ಪಕ್ಕದಲ್ಲಿರುವ ಪುಟ್ಟ ನಂಬರ್ ತೋರಿಸಿ, 85 ಅಂದರೆ ಒಂದು ಟೈರ್ 515 ಕೆ.ಜಿ. ಹೊರುತ್ತದೆ, 88 ಅಂದರೆ 560, ಕಂಪನಿ ಕೊಟ್ಟದ್ದಕ್ಕಿಂತ ಕೆಳಗೆ ಹೋಗಬೇಡಿ ಅಂದರು. ಆಮೇಲೆ 185/65 ಅಂತ ಚೀಟಿ ಬರೆದುಕೊಟ್ಟರು. ಅವರ ಅಂಗಡಿಯಲ್ಲಿ ಹೊಸ ಟೈರ್ ಮಾರುವುದೇ ಇಲ್ಲ. ಎರಡೇ ಎರಡು ಪ್ರಶ್ನೆ. ನಾಲ್ಕು ವರ್ಷ ಆಯಿತು, ಒಂದು ಟೈರೂ ಉಬ್ಬಿಲ್ಲ.

ಈಗ ಹೇಳಲೇಬೇಕಾದ ಒಂದು ಮಾತು. ಹೋದ ದೀಪಾವಳಿಯಲ್ಲಿ ಇವನು ನನ್ನ ಕಾರಿನ ಸುತ್ತ ತಿರುಗಿ, ಅಲಾಯ್ ಮುಟ್ಟಿ ನೋಡಿ, "ಚಿಕ್ಕಮ್ಮ, ಚೆನ್ನಾಗಿದೆ, ಎಷ್ಟಾಯ್ತು?" ಅಂತ ಕೇಳಿದ್ದ. ರೇಟ್ ಹೇಳಿ ಅಡುಗೆಮನೆಗೆ ಹೋದೆ. ಆ ಚೀಟಿ ಡ್ಯಾಶ್‌ಬೋರ್ಡಿನಲ್ಲೇ ಇತ್ತು, ತೆಗೆದು ತೋರಿಸಲಿಲ್ಲ. ನಿನ್ನೆ ರಾತ್ರಿ ಮಳೆಯಲ್ಲಿ ಅಕ್ಕ ಸೆರಗು ಹೊದ್ದು ನಿಂತಿದ್ದನ್ನು ನೋಡಿದಾಗ ಅದು ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. ಅಂಗಡಿಯವರು ಕೇಳಲಿಲ್ಲ ಅಂತ ಇಷ್ಟು ಬೈದೆನಲ್ಲ, ಅವನು ಯಾವ ರಸ್ತೆಯಲ್ಲಿ ಓಡಾಡುತ್ತಾನೆ ಅಂತ ನನಗೆ ಗೊತ್ತಿತ್ತು.

ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಹಳೇ 14 ಇಂಚಿನದು, ಕಬ್ಬಿಣದ ರಿಮ್. ಕೊಡೆ ಹಿಡಿದು ನಿಂತೆ, ಅವನು ಬದಲಿಸಿದ. ಎತ್ತರದಲ್ಲಿ ಬೇರೆ ಚಕ್ರಗಳಿಗೂ ಅದಕ್ಕೂ ಹೊಂದುವುದಿಲ್ಲ, ಅದಕ್ಕೇ ನನ್ನ ಹಿಂದೆ ನಿಧಾನಕ್ಕೆ ಬಾ ಅಂದೆ. ಆ ನಾಲ್ಕು ಕಿಲೋಮೀಟರ್ ಬರಲು ಅರ್ಧ ಗಂಟೆ ಹಿಡಿಯಿತು.

ಊಟ ಮಾಡುವಾಗ "55 ಹಾಕಿಸಿದ್ರೆ ಆಗುತ್ತಾ ಚಿಕ್ಕಮ್ಮ?" ಅಂತ ಕೇಳಿದ. ಶಿವಮೊಗ್ಗದೊಳಗೆ ಓಡಿಸಲು ಆಗುತ್ತದೆ, ನಮ್ಮನೆಗೆ ಬರಲು ಬೇಡ ಅಂದೆ. ಅವನ ಹಳೇ ನಾಲ್ಕು ರಿಮ್ ಟೈರ್ ಸಮೇತ ಮಾರಿಲ್ಲವಂತೆ, ಅಕ್ಕನ ಮನೆಯ ಅಟ್ಟದಲ್ಲಿವೆ. ಭಾನುವಾರ ನಾನೇ ಹೋಗಿ ತರುತ್ತೇನೆ. ಬರುವಾಗ ತೀರ್ಥಹಳ್ಳಿಯಲ್ಲಿ ಆ ಹಿರಿಯರ ಹತ್ತಿರ ನಿಲ್ಲಿಸಿ, ಆ ಟೈರುಗಳಲ್ಲಿ ಇನ್ನೆಷ್ಟು ಜೀವ ಉಳಿದಿದೆ ಅಂತ ತೋರಿಸಬೇಕು.