ಕಬ್ಬನ್ ಕಾಣದ ಕಬ್ಬನ್ ಪಾರ್ಕ್

ಇಂದು ಬೆಳಿಗ್ಗೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ, ಕುದುರೆಯೇರಿದ ಕಬ್ಬನ್ನರ ಪ್ರತಿಮೆಯ ಮುಂದೆ ತಂದೆಯೊಬ್ಬರು ಮಗನಿಗೆ ‘ಈ ಪಾರ್ಕು ಮಾಡಿಸಿದವರು ಇವರೇ’ ಎನ್ನುವುದು ಕಿವಿಗೆ ಬಿತ್ತು. ಈ ಮಾತು ಕೇಳಿದಾಗಲೆಲ್ಲ ನನಗೆಷ್ಟು ಸಂಕಟವಾಗುತ್ತದೆಂಬುದು ನನ್ನನ್ನು ಬಲ್ಲವರಿಗೆ ಗೊತ್ತೇ ಇದೆ. ಮಾರ್ಕ್ ಕಬ್ಬನ್ ತೀರಿಕೊಂಡದ್ದು 1861ರಲ್ಲಿ; ಮೈಸೂರಿನ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಈ ಉದ್ಯಾನವನ್ನು ರೂಪಿಸಿದ್ದು 1870ರಲ್ಲಿ. ಮೊದಲು ಅದಕ್ಕಿದ್ದ ಹೆಸರೂ ಮೀಡ್ಸ್ ಪಾರ್ಕ್.

1800ರಲ್ಲಿ ಮದರಾಸು ಸೇನೆಗೆ ಕೆಡೆಟ್ ಆಗಿ ಬಂದ ಬ್ರಿಟನ್ ಬಳಿಯ ಮ್ಯಾನ್ ದ್ವೀಪದ ಕಬ್ಬನ್, 1834ರಿಂದ 27 ವರ್ಷ ಬ್ರಿಟಿಷ್ ಕಮಿಷನರ್ ಆಗಿ ಇಡೀ ಮೈಸೂರನ್ನು ಆಳಿದರು. ಹೇರೆತ್ತುಗಳು ನಡೆಯುತ್ತಿದ್ದ ಕಡೆ ಬಂಡಿ ಓಡುವ ರಸ್ತೆಗಳಾದವು. ಅದಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತಿರುವುದು ಅವರ ಕಾಲದಲ್ಲಿ ರದ್ದಾದ 769 ಚಿಲ್ಲರೆ ತೆರಿಗೆಗಳು. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ, ತಲೆ ಬೋಳಿಸಿದರೆ ಮತ್ತೆ ತೆರಿಗೆ. ಒಂದು ಹಳ್ಳಿಯವರಂತೂ, ಪಾಳೇಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಪೂರ್ವಜರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತಲೆಮಾರುಗಳಿಂದ ದುಡ್ಡು ಕಟ್ಟುತ್ತಿದ್ದರು! ಇಂಥ ಬದುಕನ್ನು ಮುಟ್ಟಿದ ಆಡಳಿತವನ್ನು ಮರೆತು, ಅವರು ಕಣ್ಣಿಂದ ಕಾಣದ ಹೂಪಾತಿಗಳನ್ನು ಅವರ ಲೆಕ್ಕಕ್ಕೆ ಬರೆಯುತ್ತೇವೆ.

ಪರಕೀಯ ಅಧಿಕಾರಿಯ ಬಗ್ಗೆ ಇಷ್ಟೇಕೆ ತಳಮಳ ಎನ್ನುವವರಿದ್ದಾರೆ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಸಿದುಕೊಂಡದ್ದು ಅನ್ಯಾಯವೆಂದೇ ನಾನೂ ನಂಬಿದ್ದೇನೆ. ಆದರೆ ಕಬ್ಬನ್ನರನ್ನು ಬೈಯುವುದಕ್ಕಾದರೂ ಅವರು ಮಾಡಿದ್ದೇನೆಂದು ತಿಳಿದಿರಬೇಡವೇ? ಮೈಸೂರನ್ನು ಮದರಾಸು ಸರ್ಕಾರದ ಕೈಕೆಳಗೆ ತರಲು ಹೊರಟಾಗ ಅವರು ರಾಜೀನಾಮೆಯನ್ನೇ ಮುಂದಿಟ್ಟರು, ಆ ಆದೇಶ ಹಿಂದೆ ಸರಿಯಿತು. ಇದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಮಗಳು ಚಿಕ್ಕವಳಿದ್ದಾಗ ಇದೇ ಪ್ರತಿಮೆಯನ್ನು ತೋರಿಸಿ ನಾನೂ ಅದೇ ಸುಳ್ಳನ್ನು ಹೇಳಿದ್ದೆ. ಅವಳು ಅದನ್ನು ಶಾಲೆಯ ಪ್ರಬಂಧದಲ್ಲಿ ಬರೆದಳು. ನನಗೆ ನಿಜ ತಿಳಿಯುವ ಹೊತ್ತಿಗೆ ಅವಳು ಕಾಲೇಜು ಮುಗಿಸಿದ್ದಳು.

ಆರು ದಶಕಗಳ ಬಳಿಕ ಕಾಯಿಲೆಯಲ್ಲಿ ಊರಿಗೆ ಹೊರಟ ಕಬ್ಬನ್ ಈಜಿಪ್ಟಿನ ಸೂಯೆಜ್‌ನಲ್ಲೇ ಕಣ್ಣು ಮುಚ್ಚಿದರು. ಮ್ಯಾನ್ ದ್ವೀಪವನ್ನು ಮುಟ್ಟಿದ್ದು ಅವರ ದೇಹ ಮಾತ್ರ.

ಇಂದು ನಾನು ಸುಮ್ಮನೆ ಬರಲಿಲ್ಲ. ತಂದೆಯ ಅನುಮತಿ ಕೇಳಿ, ಆ ಹುಡುಗನಿಗೆ ಪಾಳೇಗಾರನ ಕುದುರೆಯ ತೆರಿಗೆಯ ಕಥೆ ಹೇಳಿದೆ. ಅವನು ಪ್ರತಿಮೆಯ ಕುದುರೆಯನ್ನೇ ನೋಡುತ್ತಾ, ‘ಆಮೇಲೆ ಅದು ಸಿಕ್ಕಿತಾ?’ ಎಂದು ಕೇಳಿದ.