ಸೂಕ್ಷ್ಮಜೀವಿಯ ಸ್ವಂತ ಊರು ಜಗಳೂರು

ಆಪರೇಷನ್ ಥಿಯೇಟರಿನಲ್ಲಿ ಸೂಕ್ಷ್ಮಜೀವಿ ಇರುವುದೇ ಇಲ್ಲ ಎಂಬುದು ನಮ್ಮ ದಾವಣಗೆರೆಯ ಕೆಲವು ನರ್ಸಿಂಗ್ ಹೋಮುಗಳ ಅಚಲ ಶ್ರದ್ಧೆ. ಅದು ಯಾವಾಗಲೂ ಜಗಳೂರಿನಿಂದಲೋ ಹೊನ್ನಾಳಿಯಿಂದಲೋ ರೋಗಿಯ ಜೊತೆಗೇ ಬಸ್ಸು ಹತ್ತಿ, ಬೋರ್ಡಿಗೆ ಗೌರವ ಕೊಟ್ಟು ಚಪ್ಪಲಿಯನ್ನು ಹೊರಗೇ ಬಿಟ್ಟು, ಒಳಗೆ ಬಂದು ಸೇರಿಕೊಳ್ಳುತ್ತದೆ. ಹರ್ನಿಯಾ ಆಪರೇಷನ್ ಆದ ಆರನೆಯ ದಿನ ಹೊಲಿಗೆ ಕೆಂಪಾಗಿ ಕೀವು ಜಿನುಗತೊಡಗಿದರೆ ಮೊದಲು ವಿಚಾರಣೆಗೆ ಒಳಗಾಗುವುದು ರೋಗಿಯ ಶುಗರ್, ಆಮೇಲೆ ಅವನ ಸ್ನಾನ, ಕೊನೆಗೆ ಅವನನ್ನು ನೋಡಲು ಬಂದು ವಾರ್ಡಿನಲ್ಲಿ ಮಂಡಕ್ಕಿ ಮಿರ್ಚಿಯ ಪೊಟ್ಟಣ ಬಿಚ್ಚಿದ ಭಾವಮೈದುನ. ಕತ್ತರಿ-ಚಿಮಟಗಳನ್ನು ಬಿಸಿ ಹಬೆಯಲ್ಲಿಟ್ಟು ಸೂಕ್ಷ್ಮಜೀವಿ ಕೊಲ್ಲುವ ಯಂತ್ರವಾದ ಆಟೋಕ್ಲೇವನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ.

ಶುಗರ್ ಇರುವವರಿಗೆ ಸೋಂಕು ಬೇಗ ತಗುಲುತ್ತದೆ ಎಂಬುದು ನಿಜವೇ. ಆದರೆ ಆ ಶುಗರನ್ನು ಆಪರೇಷನ್ನಿನ ಹಿಂದಿನ ದಿನ ಇದೇ ಆಸ್ಪತ್ರೆಯ ಲ್ಯಾಬಿನಲ್ಲಿ, ಇದೇ ಆಸ್ಪತ್ರೆಯ ರಸೀದಿಯ ಮೇಲೆ ಪರೀಕ್ಷಿಸಿರುತ್ತಾರೆ. ಅದು ಹತೋಟಿಗೆ ಬರುವ ಮೊದಲೇ ಕತ್ತರಿ ಎತ್ತಿಕೊಂಡವರು ಭಾವಮೈದುನನಂತೂ ಅಲ್ಲ.

ಆಸ್ಪತ್ರೆಯ ಧೈರ್ಯವೆಲ್ಲ ಇರುವುದು ಒಪ್ಪಿಗೆ ಪತ್ರದಲ್ಲಿ. ಪೆನ್ನಿನಲ್ಲಿ ಇಂಟು ಗುರುತು ಹಾಕಿದ ಕಡೆಗಳಲ್ಲೆಲ್ಲ, ಸ್ಟ್ರೆಚರ್ ಹೊರಡುವ ಗಡಿಬಿಡಿಯಲ್ಲಿ, ರೋಗಿಯ ಹೆಂಡತಿಯ ಎಡಗೈ ಹೆಬ್ಬೆಟ್ಟನ್ನು ನೀಲಿ ಪ್ಯಾಡಿಗೆ ಒತ್ತಿಸಿ ತೆಗೆದುಕೊಂಡ ಆ ಹಾಳೆಯಲ್ಲಿ, ಏನೇ ತೊಂದರೆಯಾದರೂ ವೈದ್ಯರಾಗಲಿ ಆಸ್ಪತ್ರೆಯಾಗಲಿ ಜವಾಬ್ದಾರರಲ್ಲ ಎಂದು ಅಚ್ಚಾಗಿರುತ್ತದೆ. ಸೋಂಕಿನ ಸಂಭವವನ್ನು ತಿಳಿಸಿ ಹೇಳಿ ಪಡೆದ ಒಪ್ಪಿಗೆ ಆ ಸಂಭವಕ್ಕೆ ಮಾತ್ರ ಒಪ್ಪಿಗೆ, ನಿರ್ಲಕ್ಷ್ಯಕ್ಕೆ ಅಲ್ಲ ಎಂಬುದು ನ್ಯಾಯಾಲಯಗಳಿಗೆ ಗೊತ್ತು. ಆದರೆ ನ್ಯಾಯಾಲಯದ ತನಕ ಹೋಗದಂತೆ ತಡೆಯುವುದಕ್ಕೆ ಆ ಹೆಬ್ಬೆಟ್ಟೇ ಸಾಕಾಗುತ್ತದೆ. ಅಷ್ಟರಲ್ಲಿ ಕೀವಿನ ಕಲ್ಚರ್ ಪರೀಕ್ಷೆ, ದುಬಾರಿ ಆಂಟಿಬಯಾಟಿಕ್, ದಿನಕ್ಕೊಂದು ಡ್ರೆಸ್ಸಿಂಗ್, ಹೆಚ್ಚುವರಿ ಹಾಸಿಗೆ ಬಾಡಿಗೆ ಎಂದು ಹೊಸ ಬಿಲ್ಲು ಬೆಳೆಯುತ್ತಿರುತ್ತದೆ. ಗ್ಯಾರೇಜಿನಲ್ಲಿ ಗಾಡಿ ಕೆಡಿಸಿದವನೇ ಅದನ್ನು ಕೆಡಿಸಿದ್ದಕ್ಕೂ ಕೂಲಿ ಕೇಳಿದರೆ ನಮ್ಮ ಜನ ಸುಮ್ಮನಿರುವುದಿಲ್ಲ. ಇಲ್ಲಿ ಮಾತ್ರ ಕೈ ಮುಗಿದು ದುಡ್ಡು ಕಟ್ಟಿ ಬರುತ್ತಾರೆ.

ಕಾನೂನಿನಲ್ಲಿ ದಾರಿಯಿಲ್ಲವೆಂದಲ್ಲ. ದುಡ್ಡು ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಯಲ್ಲಿ ಬರುವ ಸೇವೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆ ಅದರಿಂದ ಹೊರಗೆ ಉಳಿಯುತ್ತದೆ; ಅಲ್ಲಿ ನೊಂದವರಿಗೆ ಸಿವಿಲ್ ನ್ಯಾಯಾಲಯವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷಗಳೊಳಗೆ, ವಕೀಲರಿಲ್ಲದೆಯೂ, ದೂರುದಾರರು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು; ಆಪರೇಷನ್ ಬೆಂಗಳೂರಿನಲ್ಲಿ ಆಗಿದ್ದರೂ ದೂರು ದಾವಣಗೆರೆಯಲ್ಲೇ ನಡೆಯುತ್ತದೆ. ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಇಡೀ ವೈದ್ಯಕೀಯ ವ್ಯವಹಾರದಲ್ಲಿ ಶುಲ್ಕವಿಲ್ಲದ ಹಂತ ಬಹುಶಃ ಇದೊಂದೇ.

ವೈದ್ಯರ ನೋಂದಣಿಯ ಮೇಲೆ ಕ್ರಮ ಬೇಕೆಂದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಹೋಗಬೇಕು, ಆದರೆ ಅಲ್ಲಿ ಪರಿಹಾರದ ಹಣ ಸಿಗುವುದಿಲ್ಲ. ಪೊಲೀಸ್ ಠಾಣೆಯ ದಾರಿ ಇನ್ನೂ ಕಿರಿದು. ಕ್ರಿಮಿನಲ್ ಮೊಕದ್ದಮೆಗೆ ನಿರ್ಲಕ್ಷ್ಯ ತೀವ್ರವಾಗಿರಬೇಕು, ಅದಕ್ಕೂ ಮೊದಲು ಸ್ವತಂತ್ರ ವೈದ್ಯರೊಬ್ಬರ, ಆದಷ್ಟೂ ಸರ್ಕಾರಿ ಸೇವೆಯಲ್ಲಿರುವವರ, ಅಭಿಪ್ರಾಯ ಪಡೆಯಬೇಕು ಎಂದು ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳುತ್ತದೆ. ಮೆಡಿಕಲ್ ಕಾಲೇಜುಗಳ ಊರಾದ ದಾವಣಗೆರೆಯಲ್ಲಿ ಆ ಸ್ವತಂತ್ರ ವೈದ್ಯರು ಎದುರಾಳಿ ವೈದ್ಯರ ಸಹಪಾಠಿಯೋ ಶಿಷ್ಯರೋ ಬೀಗರೋ ಆಗಿರದಂತೆ ಹುಡುಕುವ ಕೆಲಸವನ್ನು ತೀರ್ಪು ನಮಗೇ ಬಿಟ್ಟಿದೆ. ಪುಣ್ಯಕ್ಕೆ, ಗ್ರಾಹಕ ಆಯೋಗದ ಮುಂದೆ ಪ್ರತಿ ಪ್ರಕರಣದಲ್ಲೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲ ಎಂದು 2010ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿದೆ.

ಸೋಂಕು ತಗುಲಿದ ಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಎಷ್ಟೇ ಎಚ್ಚರ ವಹಿಸಿದರೂ ಕೆಲವರಿಗೆ ತಗುಲುತ್ತದೆ, ಕಾನೂನು ಅದನ್ನು ಒಪ್ಪುತ್ತದೆ, ನಾನೂ ಒಪ್ಪುತ್ತೇನೆ. ಆ ಎಚ್ಚರ ವಹಿಸಿದ್ದರೋ ಇಲ್ಲವೋ ಎಂಬುದು ಗೊತ್ತಾಗುವುದು ಕೇಸ್ ಶೀಟಿನಿಂದ, ಮತ್ತು ವಿಚಿತ್ರವೆಂದರೆ ಆ ಕೇಸ್ ಶೀಟು ಇರುವುದು ಯಾರ ಮೇಲೆ ದೂರೋ ಅವರ ಬೀರುವಿನಲ್ಲಿ. ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಬೀರುವಿನ ಕೀಲಿ ಇರುವವರು ರಜೆಯ ಮೇಲಿದ್ದಾರೆ ಎಂದು ಕೌಂಟರ್ ಹೇಳುತ್ತದೆ. ಆದ್ದರಿಂದ ಬಾಯಲ್ಲಿ ಕೇಳದೆ ಲಿಖಿತವಾಗಿ ಕೇಳಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳುವುದು ಲೇಸು.

ದೂರು ದಾಖಲಾದ ಮೇಲೆ ಆಸ್ಪತ್ರೆಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ. ಆ ಉತ್ತರದಲ್ಲಿ ಸೂಕ್ಷ್ಮಜೀವಿಯ ಸ್ವಂತ ಊರಿನ ಉಲ್ಲೇಖ ಇದ್ದೇ ಇರುತ್ತದೆ. ಆಗ, ಪ್ರತಿ ಸಲ ಎಷ್ಟು ಡಿಗ್ರಿಗೆ ಕಾಯಿಸಿದರೆಂದು ಬರೆದಿಡುವ ಆಟೋಕ್ಲೇವ್ ರಿಜಿಸ್ಟರನ್ನು ಹಾಜರುಪಡಿಸಿ ಎಂದು ಆಯೋಗದ ಮುಂದೆ ಅರ್ಜಿ ಹಾಕಬೇಕು. ಇಡೀ ತಿಂಗಳ 121 ಡಿಗ್ರಿಗಳು ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ, ಒಂದೇ ಸಲ ಕೂತು ಬರೆದಂತೆ ಕಂಡರೆ ಅದನ್ನು ಬೆಸ್ಕಾಂನ ವಿದ್ಯುತ್ ನಿಲುಗಡೆ ಪ್ರಕಟಣೆಗಳ ಜೊತೆಗೆ ತಾಳೆ ಹಾಕಿ ನೋಡಬಹುದು. ಕರೆಂಟ್ ಇಲ್ಲದ ದಿನವೂ 121 ಡಿಗ್ರಿ ಇದ್ದು, ಅದಕ್ಕೆ ಜನರೇಟರ್ ಓಡಿಸಿದ್ದೆವು ಎಂಬ ಉತ್ತರ ಬಂದರೆ, ಆ ದಿನದ ಡೀಸೆಲ್ ಬಿಲ್ಲನ್ನೂ ಕೇಳಬಹುದು.