ವಿಭಕ್ತಿಗಳ ಎಣಿಕೆಯೊಂದೇ ಅಳತೆಗೋಲಲ್ಲ

ಪೋಲಿಷ್‌ನಲ್ಲಿ 7 ವಿಭಕ್ತಿಗಳಿವೆ, ಜಪಾನಿಯಲ್ಲಿ ಒಂದೂ ಇಲ್ಲ, ಆದ್ದರಿಂದ ಜಪಾನಿ ವ್ಯಾಕರಣವೇ ಸುಲಭ ಎಂದು ಲೇಖನವೊಂದರಲ್ಲಿ ಲೇಖಕರು ಮಂಡಿಸಿರುವ ವಾದವನ್ನು ಒಪ್ಪಲಾರೆ. ಜಪಾನಿಯ ನಾಮಪದಗಳಿಗೆ ಅಂಟಿಕೊಂಡು ಬರುವ ‘ಗ’, ‘ಒ’, ‘ನಿ’ಗಳು ಮಾಡುವುದು ಹೆಚ್ಚುಕಡಿಮೆ ನಮ್ಮ ವಿಭಕ್ತಿ ಪ್ರತ್ಯಯಗಳ ಕೆಲಸವನ್ನೇ, ಕ್ರಿಯಾಪದವೂ ಕೊನೆಗೇ ಬರುವುದರಿಂದ ಅದು ಕನ್ನಡಿಗರಿಗೆ ಸುಲಭವೆನಿಸೀತು, ಪೋಲೆಂಡಿನವರಿಗೆ ಹಾಗೆನಿಸಬೇಕಿಲ್ಲ. ಬೆಕ್ಕುಗಳ ಎಣಿಕೆಯನ್ನೇ ನೋಡಿ: ಪೋಲಿಷ್‌ನಲ್ಲಿ 2, 3, 4ರವರೆಗೆ ‘ಕೊತಿ’ ಎನ್ನುವ ಬಹುವಚನ ಸಾಕು, 5ಕ್ಕೆ ಬಂದೊಡನೆ ಷಷ್ಠಿಯ ‘ಕೊತುಫ್’ ಬೇಕು. ಜಪಾನಿಯಲ್ಲಿ ‘ನೆಕೊ’ (ಬೆಕ್ಕು) ಎಂಬ ನಾಮಪದವೇನೋ ಬದಲಾಗುವುದಿಲ್ಲ. ಆದರೆ ಒಂದು, ಎರಡು, ಮೂರು ಬೆಕ್ಕುಗಳಿಗೆ ಎಣಿಕೆಯ ಪದವೇ ‘ಇಪ್ಪಿಕಿ, ನಿಹಿಕಿ, ಸಾಂಬಿಕಿ’ ಎಂದು ರೂಪ ಬದಲಿಸುತ್ತದೆ, ಕಾಗದದ ಹಾಳೆಗಳನ್ನು ಎಣಿಸುವಾಗ ‘ಮಾಯ್’ ಎಂಬ ಬೇರೆಯೇ ಪದ ಬರುತ್ತದೆ. ಈ ತೊಡಕನ್ನು ಲೇಖನ ಪರಿಗಣಿಸಲೇಬೇಕಿತ್ತು.